ಉಸಿರಿನ ಸಂಜ್ಞೆ: ಪುಟ್ಟರಾಜ ಗವಾಯಿಗಳೂ ಬೃಂದಗಾನವೂ



ಪೇಟಿ (ಹಾರ್ಮೋನಿಯಂ) ಮಾಸ್ತರರೊಬ್ಬರ ನೆನಪಿಗಾಗಿ ಅವರ ಮಕ್ಕಳು ಬಾಗಲಕೋಟೆಯಲ್ಲಿ ಇಟ್ಟಿರುವ ಈ ದತ್ತಿಯ ಉಪನ್ಯಾಸಕ್ಕೆ ನನ್ನನ್ನು ಕರೆದಾಗ, ಸಂಗೀತರಚನೆಯನ್ನೂ ಸಮೂಹಗಾಯನವನ್ನೂ ಒಂದೇ ಬಾಳಿನಲ್ಲಿ ನಡೆಯಿಸಿಕೊಂಡು ಬಂದ ನಮ್ಮ ಕಾಲದ ಕಲಾವಿದರೊಬ್ಬರನ್ನು ಕುರಿತು ಮಾತನಾಡಬೇಕೆಂಬುದೊಂದೇ ಅವರ ಅಪೇಕ್ಷೆಯಾಗಿತ್ತು. ಪಶ್ಚಿಮದ ದೇಶಗಳಲ್ಲಾದರೆ ಇಂಥವರನ್ನು ಹುಡುಕಬೇಕಾದ ಪ್ರಮೇಯವಿಲ್ಲ. ಹೈಡನ್, ಶೂಬರ್ಟ್ ಮೊದಲಾದವರು ವಿಯೆನ್ನಾ ನಗರದ ದೇವಾಲಯಗಳ ಬಾಲಗಾಯಕರ ಸಾಲಿನಲ್ಲಿ ನಿಂತು, ನೆರೆಯವನ ಧ್ವನಿಯೊಡನೆ ತನ್ನ ಧ್ವನಿಯನ್ನು ಹೊಂದಿಸುವ ಪಾಠವನ್ನು ಕಲಿತ ತರುವಾಯವೇ ಮಹಾರಚನೆಗಳಿಗೆ ಕೈಯಿಟ್ಟವರು. ನಮ್ಮಲ್ಲಾದರೋ ಶಾಸ್ತ್ರೀಯ ಸಂಗೀತವೆಂದೊಡನೆ ಕಣ್ಣ ಮುಂದೆ ಬಂದು ನಿಲ್ಲುವುದು ಒಬ್ಬನೇ ಗಾಯಕನ ಚಿತ್ರ: ಹಿಂದೆ ಎರಡು ತಂಬೂರಿ, ಪಕ್ಕದಲ್ಲಿ ಪೇಟಿ, ಇನ್ನೊಂದು ಪಕ್ಕದಲ್ಲಿ ತಬಲಾ, ನಡುವೆ ಏಕಾಂಗಿಯಾದ ಗವಾಯಿ. ಈ ಚಿತ್ರವನ್ನೇ ನಂಬಿ, ಭಾರತೀಯರಿಗೆ ಕೂಡಿ ಹಾಡುವ ವಿದ್ಯೆಯೇ ಇಲ್ಲವೆಂದು ಬರೆದವರೂ ಉಂಟು. ಆ ಅಭಿಪ್ರಾಯವನ್ನು ನಾನು ಒಪ್ಪುವವನಲ್ಲ. ಒಪ್ಪದಿರಲು ನನಗಿರುವ ಪ್ರಬಲವಾದ ಕಾರಣ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳ ಬಾಳು. ಅದನ್ನೇ ಈ ದಿನದ ವಿಷಯವನ್ನಾಗಿ ಆರಿಸಿಕೊಂಡಿದ್ದೇನೆ.

ಮೊದಲು ಶಾಸ್ತ್ರದ ಮಾತನ್ನು ಮುಗಿಸಿಬಿಡುತ್ತೇನೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದುಕೊಂಡು ‘ಸಂಗೀತರತ್ನಾಕರ’ವನ್ನು ರಚಿಸಿದ ಶಾರ್ಙ್ಗದೇವನು ಮಾತು ಧಾತುಗಳೆರಡನ್ನೂ, ಅಂದರೆ ಸಾಹಿತ್ಯವನ್ನೂ ಸ್ವರರಚನೆಯನ್ನೂ, ತಾನೇ ಕಟ್ಟಬಲ್ಲವನನ್ನು ವಾಗ್ಗೇಯಕಾರನೆಂದು ಕರೆದನು. ಅದನ್ನು ನಾವೆಲ್ಲರೂ ಬಲ್ಲೆವು, ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ. ಆದರೆ ಅದೇ ಗ್ರಂಥದ ಅದೇ ಪ್ರಕೀರ್ಣಕಾಧ್ಯಾಯದಲ್ಲಿ ಆತನು ಗಾಯಕವೃಂದದ ಲಕ್ಷಣವನ್ನೂ ಹೇಳಿರುವನೆಂಬುದನ್ನು ಮರೆತುಬಿಟ್ಟಿದ್ದೇವೆ. ಉತ್ತಮವೃಂದದಲ್ಲಿ ಮುಖ್ಯಗಾಯಕರು 4 ಮಂದಿ, ಅವರೊಡನೆ ಸಮವಾಗಿ ಹಾಡುವವರು 8 ಮಂದಿ, ಗಾಯನಿಯರು 12 ಮಂದಿ, ಕೊಳಲಿನವರು 4, ಮದ್ದಳೆಯವರು 4. ಒಟ್ಟು 32 ಜನರ ಮೇಳ! ಇದು ಭಕ್ತಿಗೋಷ್ಠಿಯ ವರ್ಣನೆಯಲ್ಲ, ಶಾಸ್ತ್ರಕಾರನ ಲೆಕ್ಕ. ಇಷ್ಟು ಖಚಿತವಾದ ಲೆಕ್ಕವನ್ನು ಕೊಡಬೇಕಾದರೆ ಅಂತಹ ಮೇಳಗಳು ಆತನ ಕಿವಿಗೆ ಬಿದ್ದಿರಲೇಬೇಕು. ವಾಗ್ಗೇಯಕಾರನನ್ನೂ ವೃಂದವನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟವನ ಮನಸ್ಸಿನಲ್ಲಿ ಅವೆರಡೂ ಒಂದೇ ಸಂಸಾರಕ್ಕೆ ಸೇರಿದವಾಗಿದ್ದುವೆಂದು ನಾನು ತಿಳಿಯುತ್ತೇನೆ.

ಆ ವೃಂದವು ಎಲ್ಲಿಗೆ ಹೋಯಿತು? ಅರಮನೆಗಳಿಂದ ಹೋಯಿತೆಂಬುದು ನಿಜ. ಊರುಗಳಿಂದ ಹೋಗಲಿಲ್ಲ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಹೆಸರಿನಲ್ಲಿ ಕೊರೆದಿರುವ ಶಾಸನದ ತ್ರಿಪದಿಯು ಕನ್ನಡದಲ್ಲಿ ನಮಗೆ ದೊರೆತಿರುವ ತ್ರಿಪದಿಗಳಲ್ಲಿ ಅತ್ಯಂತ ಪ್ರಾಚೀನವಾದುದು. ಅದೇ ಛಂದಸ್ಸಿನಲ್ಲಿ ನಮ್ಮ ತಾಯಂದಿರು ಬೀಸುವ ಕಲ್ಲಿನ ಮುಂದೆ ಇಬ್ಬರಿಬ್ಬರಾಗಿ ಕುಳಿತು, ಒಬ್ಬಳು ಎತ್ತಿಕೊಟ್ಟುದನ್ನು ಇನ್ನೊಬ್ಬಳು ತುಂಬಿಕೊಂಡು ಹಾಡುತ್ತಿದ್ದರು. ಹಳೆಯ ಬಾಗಲಕೋಟೆಯ ಓಣಿ ಓಣಿಗೊಂದು ಭಜನಾಮೇಳವಿತ್ತು. ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ ಏಕತಾರಿ, ದಮ್ಮಡಿ, ತಾಳ, ಪೇಟಿ, ಡಗ್ಗಾಗಳು ಕೂಡಿದವೆಂದರೆ ಬೆಳಗಿನ ಕೋಳಿ ಕೂಗುವ ತನಕ ಮುಮ್ಮೇಳ ಹಿಮ್ಮೇಳಗಳ ನಡುವೆ ಪದವು ಹೋಗಿ ಬರುತ್ತಿತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಆ ಓಣಿಗಳು ಮುಳುಗಡೆಯಾದಾಗ ಮನೆ ಹೊಲಗಳಿಗೆ ಪರಿಹಾರದ ಹಣ ಬಂದಿತು. ಒಂದೇ ಕಟ್ಟೆಯ ಮೇಲೆ ಮೂವತ್ತು ವರ್ಷ ಕುಳಿತು ಒಬ್ಬರ ಧ್ವನಿಯ ಅಳತೆಯನ್ನು ಒಬ್ಬರು ಅರಿತಿದ್ದ ಹನ್ನೆರಡು ಜನರು ನವನಗರದ ಬೇರೆ ಬೇರೆ ಸೆಕ್ಟರುಗಳಿಗೆ ಹಂಚಿಹೋದ ನಷ್ಟವನ್ನು ಯಾವ ಪಂಚನಾಮೆಯಲ್ಲಿ ಬರೆಯಬೇಕಿತ್ತು? ಈ ಸಭೆಯಲ್ಲಿ ಅಂಥವರು ಕೆಲವರಾದರೂ ಕುಳಿತಿರುವರೆಂದು ಬಲ್ಲೆನಾದ ಕಾರಣ ಇಷ್ಟನ್ನು ಹೇಳದೆ ಮುಂದೆ ಹೋಗಲಾರದಾದೆ.

ಇನ್ನು ಕಥೆಗೆ ಬರೋಣ. ಅದು ಪ್ರಾರಂಭವಾಗುವುದು ಗದಗಿನಲ್ಲಲ್ಲ, ನಮ್ಮ ಬಾದಾಮಿಯ ಸೀಮೆಯಲ್ಲಿ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರಷ್ಟೆ. ವಟುಗಳಿಗೆ ಯೋಗ, ಸಂಸ್ಕೃತ, ಧರ್ಮಶಾಸ್ತ್ರಗಳನ್ನು ಕಲಿಸುವುದಕ್ಕೆಂದು ಕಟ್ಟಿದ ಆ ಸಂಸ್ಥೆಯಲ್ಲಿ ಸಂಗೀತಕ್ಕೂ ಅವರು ಎಡೆಗೊಟ್ಟರು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ, ಹುಟ್ಟುಗುರುಡನಾದ ಗದಿಗೆಯ್ಯನೆಂಬ ಬಾಲಕನ ಕಂಠವನ್ನು ಕೇಳಿ ಅವನ ಭಾರವನ್ನು ತಾವೇ ಹೊತ್ತುಕೊಂಡವರು ಆ ಸ್ವಾಮಿಗಳು. ಕರ್ನಾಟಕ ಪದ್ಧತಿಯನ್ನು ಮೊದಲೇ ಅಭ್ಯಸಿಸಿದ್ದ ಆ ಶಿಷ್ಯನು ಹಿಂದುಸ್ತಾನೀ ಪದ್ಧತಿಯನ್ನೂ ಕಲಿಯಲೆಂದು ಮಿರಜಿನ ನೀಲಕಂಠಬುವಾ ಅವರನ್ನು ಶಿವಯೋಗಮಂದಿರಕ್ಕೇ ಕರೆಯಿಸಿದರು. ಮುಂದೆ ಮಲ್ಲಿಕಾರ್ಜುನ ಮನಸೂರರಿಗೂ ಗುರುಗಳಾದವರು ಇದೇ ನೀಲಕಂಠಬುವಾ. ಹೀಗೆ ಮಲಪ್ರಭೆಯ ದಂಡೆಯ ಮೇಲೆ ಆ ಗದಿಗೆಯ್ಯನೇ ಉಭಯಗಾನ ವಿಶಾರದರಾದ ಪಂಚಾಕ್ಷರಿ ಗವಾಯಿಗಳಾಗಿ ಸಿದ್ಧರಾದರು.

ಅವರು ಬಯಸಿದ್ದರೆ ಸಂಸ್ಥಾನಗಳ ದರ್ಬಾರುಗಳಲ್ಲಿ ಹಾಡಿ ಸುಖವಾಗಿರಬಹುದಿತ್ತು. ಹಾಗೆ ಮಾಡದೆ, ಕುರುಡರೂ ಅನಾಥರೂ ಆದ ಹುಡುಗರನ್ನು ಕೂಡಿಸಿಕೊಂಡು, ಊರಿಂದೂರಿಗೆ ಬಂಡಿ ಕಟ್ಟಿಕೊಂಡು ಹೋಗುವ ಸಂಚಾರಿ ಪಾಠಶಾಲೆಯೊಂದನ್ನು ನಡೆಯಿಸತೊಡಗಿದರು. ಊರಿನ ಮಠದಲ್ಲಿ ಇಳಿಯುವುದು, ಕಂತೀಭಿಕ್ಷೆಯ ಜೋಳಿಗೆಯಿಂದ ಊಟ, ಹಗಲೆಲ್ಲ ಪಾಠ, ಸಂಜೆ ಊರವರ ಮುಂದೆ ಗುರುಶಿಷ್ಯರೆಲ್ಲ ಕೂಡಿ ಹಾಡುವುದು. ಈ ಕೂಡಿ ಹಾಡುವುದೇ ಆ ಶಾಲೆಯ ಪಾಠವೂ ಆಗಿತ್ತು, ಪರೀಕ್ಷೆಯೂ ಆಗಿತ್ತು, ಜೀವನೋಪಾಯವೂ ಆಗಿತ್ತು.

ಅಂತಹ ಸಾಲಿನಲ್ಲಿ ಬಂದು ಕುಳಿತವನು, ಮುಂದೆ ಪುಟ್ಟರಾಜ ಗವಾಯಿಯೆನಿಸಿದ ಪುಟ್ಟಯ್ಯ. 1914ರ ಮಾರ್ಚ್ 3ರಂದು ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಜನನ. ಶಾರ್ಙ್ಗದೇವನ ದೇವಗಿರಿಯ ಹೆಸರೇ ಈ ಹಳ್ಳಿಗೂ ಇರುವುದು ಕೇವಲ ಯೋಗಾಯೋಗವಾದರೂ ನನ್ನ ಮನಸ್ಸಿಗೆ ಅದು ಹಿತವಾಗಿದೆ. ತಂದೆ ರೇವಣಯ್ಯ, ತಾಯಿ ಸಿದ್ಧಮ್ಮ. ಹಸುಗೂಸಾಗಿರುವಾಗಲೇ ದೃಷ್ಟಿ ಹೋಯಿತು. ಸೋದರಮಾವ ಚಂದ್ರಶೇಖರಯ್ಯನವರು ಸಾಕಿದರು, ಅವರೇ ಪಂಚಾಕ್ಷರಿಗಳ ಕೈಗೊಪ್ಪಿಸಿದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯಂತಹ ಕಂಠಗಳು ರೂಪುಗೊಂಡುದೂ ಅದೇ ಗುರುವಿನ ಬಳಿಯಲ್ಲಿ. ಪುಟ್ಟಯ್ಯನು ಎರಡೂ ಪದ್ಧತಿಗಳ ಗಾಯನದ ಜೊತೆಗೆ ಪೇಟಿ, ತಬಲಾ, ಪಿಟೀಲು, ಸಾರಂಗಿಗಳನ್ನೂ ವಶಮಾಡಿಕೊಂಡನು; ಸಂಸ್ಕೃತ, ಹಿಂದಿ, ಕನ್ನಡಗಳಲ್ಲಿ ಪದ್ಯರಚನೆಯನ್ನು ಸಾಧಿಸಿದನು. ಸಂಚಾರಿಯಾಗಿದ್ದ ಪಾಠಶಾಲೆಯು ಗದಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವೆನಿಸಿದ ಕೆಲವೇ ವರ್ಷಗಳಲ್ಲಿ, 1944ರ ಜೂನಿನಲ್ಲಿ, ಪಂಚಾಕ್ಷರಿಗಳು ಲಿಂಗೈಕ್ಯರಾದರು. ಮೂವತ್ತು ವರ್ಷದ ಪುಟ್ಟರಾಜರ ಹೆಗಲಿಗೆ ಆಶ್ರಮದ ನೊಗ ಬಿತ್ತು. ಮುಂದಿನ 66 ವರ್ಷ ಅದನ್ನು ಅವರು ಇಳಿಸಲಿಲ್ಲ.

ಅವರ ರಚನೆಯ ವಿಷಯ ಹೇಳುವ ಮೊದಲು ನನ್ನ ಮನೆಯ ಒಂದು ಮಾತು. ನಾನು ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವನು. ಇಳಕಲ್ಲ ಸೀರೆಯ ಒಡಲಿಗೂ ಸೆರಗಿಗೂ ಹಾಸು ಬೇರೆ ಬೇರೆ. ಒಡಲಿನದು ಸಾಮಾನ್ಯವಾಗಿ ಹತ್ತಿ, ಸೆರಗಿನದು ಕೆಂಪು ರೇಷ್ಮೆ. ಒಡಲ ಹಾಸಿನ ಒಂದೊಂದು ಎಳೆಗೂ ಸೆರಗ ಹಾಸಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ನಮ್ಮ ಅವ್ವ ಮಗ್ಗದ ಹತ್ತಿರ ಕುಳಿತು ಸಾವಿರಾರು ಎಳೆಗಳಿಗೆ ಹೀಗೆ ಕೊಂಡಿ ಹಾಕುತ್ತಿದ್ದುದನ್ನು ನೋಡಿದ್ದೇನೆ. ಹತ್ತಿಯು ಹತ್ತಿಯಾಗಿಯೇ, ರೇಷ್ಮೆಯು ರೇಷ್ಮೆಯಾಗಿಯೇ ಉಳಿಯುವುದು. ಎಳೆಗಳ ಎಣಿಕೆ ಮಾತ್ರ ತಪ್ಪಕೂಡದು. ಪಂಚಾಕ್ಷರಿ ಪುಟ್ಟರಾಜರ ಉಭಯಗಾನವನ್ನು ‘ಸಮ್ಮಿಶ್ರಣ’ವೆಂದು ಕರೆಯುವವರ ಮಾತು ನನಗೆ ಸೇರದಿರುವುದು ಈ ಕಾರಣದಿಂದ. ಎರಡು ಪದ್ಧತಿಗಳನ್ನು ಅವರು ಕಲಸಲಿಲ್ಲ. ಆಯಾ ಪದ್ಧತಿಯನ್ನು ಆಯಾ ನಿಯಮಕ್ಕೆ ಭಂಗಬಾರದಂತೆ ಕಲಿತು, ಅದರಂತೆಯೇ ಕಲಿಸಿ, ಎಲ್ಲಿ ಕೂಡಿಸಬೇಕೋ ಅಲ್ಲಿ ಎಣಿಕೆ ತಪ್ಪದಂತೆ ಕೂಡಿಸಿದರು.

ಈ ಕೂಡಿಸುವ ಕೆಲಸವು ಸ್ಪಷ್ಟವಾಗಿ ಕಾಣಿಸುವುದು ವಚನಗಾಯನದಲ್ಲಿ. ಹುನಗುಂದ ತಾಲ್ಲೂಕಿನ ಕೂಡಲಸಂಗಮವು ನಮಗೆ ನೆರೆಯೂರು. ಆದುದರಿಂದ ವಚನವೆಂದರೆ ನಮಗೆ ಹಾಡಿನಷ್ಟೇ ಬಳಕೆಯ ಮಾತು. ಆದರೆ ಹಾಡುವವನಿಗೆ ಅದು ಎಷ್ಟು ಕಠಿನವೆಂಬುದನ್ನು ಯೋಚಿಸಿರಿ. ಅಲ್ಲಿ ಪ್ರಾಸದ ಕಟ್ಟಿಲ್ಲ, ಗಣದ ನಿಯತಿಯಿಲ್ಲ. ಒಂದು ಸಾಲು ನಾಲ್ಕು ಪದಗಳದಾದರೆ ಮತ್ತೊಂದು ಹದಿನಾಲ್ಕರದು. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿ ವಚನಗಳನ್ನು ಓದುಗರ ಕೈಗಿತ್ತರು, ಅವನ್ನು ತಾಳದ ಆವರ್ತನದಲ್ಲಿ ಕೂಡಿಸಿ ಕಿವಿಗೆ ಮುಟ್ಟಿಸುವ ಕೆಲಸ ಗವಾಯಿಗಳ ಪಾಲಿಗೆ ಬಂದಿತು. ಅವರು ಕಂಡುಕೊಂಡ ಉಪಾಯ ಹೀಗಿದೆ: ವಚನದಲ್ಲಿ ತಿರುಳಿನಂತಿರುವ ಒಂದು ಸಾಲನ್ನು ಆರಿಸಿ ಅದನ್ನು ಸ್ಥಾಯಿಯ ಸ್ಥಾನದಲ್ಲಿಟ್ಟು ಪುನಃ ಪುನಃ ಅಲ್ಲಿಗೆ ಮರಳುವುದು, ಉದ್ದವಾದ ಸಾಲುಗಳನ್ನು ಅರ್ಥ ಕೆಡದ ಎಡೆಯಲ್ಲಿ ಮುರಿದು, ಗಿಡ್ಡವಾದುವನ್ನು ಸ್ವರವಿಸ್ತಾರದಿಂದ ತುಂಬಿ ಸಮಕ್ಕೆ ತರುವುದು, ಕೊನೆಯಲ್ಲಿ ಬರುವ ಅಂಕಿತವನ್ನು ನಿಲುಗಡೆಯ ತಾಣವಾಗಿಸುವುದು. ಆ ತಾಣದಲ್ಲಿ ಹಿಮ್ಮೇಳವು ಕೂಡಿಕೊಳ್ಳುತ್ತದೆ. ಏಕಗಾಯಕನು ರಾಗದಲ್ಲಿ ಎಷ್ಟೇ ದೂರ ಸಂಚರಿಸಿರಲಿ, ‘ಕೂಡಲಸಂಗಮದೇವಾ’ ಎಂಬಲ್ಲಿಗೆ ಬಂದಾಗ ಹತ್ತು ಕಂಠಗಳು ಅವನಿಗಾಗಿ ಕಾದಿರುತ್ತವೆ. ರಚನೆಯೆಂದರೆ ಬರಿಯ ಸ್ವರಗಳನ್ನು ಜೋಡಿಸುವುದಷ್ಟೇ ಅಲ್ಲ, ಯಾರು ಎಲ್ಲಿ ಬಂದು ಸೇರಬೇಕೆಂಬುದನ್ನು ಮುಂಗಾಣುವುದೂ ಅಹುದು. ವಾಗ್ಗೇಯಕಾರ ಪುಟ್ಟರಾಜರು ಹತ್ತು ಕಂಠಗಳ ಸಾಲಿನಲ್ಲಿ ಬೆಳೆದವರಾದುದರಿಂದ ಈ ಮುಂಗಾಣ್ಕೆ ಅವರಿಗೆ ಸಹಜವಾಗಿತ್ತೆಂದು ನನ್ನ ನಂಬಿಕೆ.

ಇದನ್ನು ನಾನು ಗ್ರಂಥಗಳಿಂದ ಕಲಿತವನಲ್ಲ. ಶ್ರಾವಣಮಾಸದಲ್ಲಿ ನಮ್ಮ ಊರುಗಳ ಮಠಗಳಲ್ಲಿ ಪುರಾಣ ಹಚ್ಚುವ ಪದ್ಧತಿ ನಿಮಗೆಲ್ಲ ತಿಳಿದುದೇ. ಶಾಸ್ತ್ರಿಗಳೊಬ್ಬರು ಷಟ್ಪದಿಯನ್ನು ವಿವರಿಸುತ್ತಾರೆ. ಅವರ ಬಲಗಡೆ ಗವಾಯಿ, ಎಡಗಡೆ ತಬಲಾದವನು. ಒಂದು ಸಂಧಿ ಮುಗಿದೊಡನೆ ಒಂದು ಪದ. ಆಶ್ರಮದಲ್ಲಿ ಕಲಿತ ಗವಾಯಿಗಳೂ ತಬಲಾದವರೂ ಶ್ರಾವಣ ಬಂದಿತೆಂದರೆ ಉತ್ತರ ಕರ್ನಾಟಕದ ಮೂಲೆ ಮೂಲೆಗೂ ಹರಡಿಕೊಂಡು, ತಿಂಗಳುಗಟ್ಟಲೆ ಆಯಾ ಊರಿನ ಮಠದಲ್ಲಿಯೇ ಇರುವರು. ನಾನು ಹತ್ತು ವರ್ಷದವನಿದ್ದಾಗ ನಮ್ಮೂರಿಗೆ ಹೀಗೆ ಬಂದಿದ್ದ ದೃಷ್ಟಿಹೀನ ಗವಾಯಿಯೊಬ್ಬರು ಮೊದಲ ದಿನವೇ ಪಲ್ಲವಿಯನ್ನು ಇಡೀ ಸಭೆಗೆ ಹೇಳಿಕೊಟ್ಟು, ನೇಕಾರರು, ಅಡತಿಯವರು, ನೀರಿಗೆ ಬಂದ ಹೆಣ್ಣುಮಕ್ಕಳು ಎಲ್ಲರಿಂದಲೂ ಹಾಡಿಸತೊಡಗಿದರು. ನನ್ನ ಉತ್ಸಾಹ ಮೇರೆ ಮೀರಿತ್ತು. ನಾಲ್ಕನೆಯ ಸಲ ಪಲ್ಲವಿ ಬಂದಾಗ ಅವರು ಪೇಟಿಯನ್ನು ನಿಲ್ಲಿಸಿ, “ಕಂಬದ ಬಾಜೂಕ ಕುಂತ ತಮ್ಮಾ, ಅರ್ಧ ಮಾತ್ರೆ ಮುಂದ ಹೊಂಟೀಯಪಾ, ಇಲ್ಲಿ ಬಾ” ಎಂದರು. ಇನ್ನೂರು ಜನರ ನಡುವೆ ಒಬ್ಬ ಹುಡುಗನ ತಪ್ಪೂ ಅವನು ಕುಳಿತ ಕಂಬವೂ ಕಣ್ಣಿಲ್ಲದವರಿಗೆ ಗೊತ್ತಾಗಿದ್ದುವು. ನಡುಗುತ್ತ ಹೋದೆ. ಬಯ್ಯಲಿಲ್ಲ. ನನ್ನ ಅಂಗೈಯನ್ನು ಹಿಡಿದು ಪೇಟಿಯ ಹಿಂದಿನ ತಿದಿಯ ಮೇಲಿಟ್ಟುಕೊಂಡು ಹಾಡಿದರು. ಪಲ್ಲವಿ ಬರುವ ಮುನ್ನ ಆ ತಿದಿ ಒಂದು ಕ್ಷಣ ತುಸು ಹೆಚ್ಚು ತೆರೆದುಕೊಳ್ಳುತ್ತಿತ್ತು; ಅದೇ ಕ್ಷಣದಲ್ಲಿ ಗವಾಯಿಯವರ ಎದೆಯೂ ಉಬ್ಬಿ ಮೂಗಿನಿಂದ ಉಸಿರೆಳೆದುಕೊಂಡ ಸಣ್ಣ ಸದ್ದು ಕೇಳುತ್ತಿತ್ತು. ಕೈ ಬೀಸಿ ತೋರಿಸಲಾರದವರು ಉಸಿರಿನಿಂದ ತೋರಿಸುತ್ತಿದ್ದರು.

ಆಶ್ರಮದ ಮೇಳದ ಮರ್ಮವೇ ಇದು. ಪಶ್ಚಿಮದ ಗಾಯಕವೃಂದಕ್ಕೆ ಎದುರಿನಲ್ಲೊಬ್ಬ ನಾಯಕನುಂಟು. ಆತನ ಕೈಸನ್ನೆಯೇ ಎಲ್ಲರಿಗೂ ಆಜ್ಞೆ. ಬಾಸೆಲ್ ಮಿಷನ್ನಿನವರು 1851ರಲ್ಲಿ ನಮ್ಮ ಗುಳೇದಗುಡ್ಡಕ್ಕೆ ಬಂದು ನೆಲೆಸಿದಾಗ, ನಾಲ್ಕು ಧ್ವನಿಗಳನ್ನು ಒಂದರ ಮೇಲೊಂದು ಮಾಳಿಗೆ ಕಟ್ಟಿದಂತೆ ಪೇರಿಸಿ ಹಾಡುವ ಆ ವಿದ್ಯೆಯೂ ಅವರೊಡನೆ ಈ ಸೀಮೆಗೆ ಬಂದಿತು. ಅದರ ಸೊಬಗನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಡುವವರ ಕಣ್ಣುಗಳೆಲ್ಲ ಕತ್ತಲಾಗಿರುವ ಮೇಳದಲ್ಲಿ ನಾಯಕನ ಕೈಗೆ ಏನು ಬೆಲೆ? ಅಲ್ಲಿ ಪ್ರತಿಯೊಬ್ಬನೂ ನೆರೆಯವನ ಉಸಿರನ್ನು ಆಲಿಸಲೇಬೇಕು, ಆಲಿಸದವನಿಗೆ ಪ್ರವೇಶವಿಲ್ಲ. ಶಾರ್ಙ್ಗದೇವನು ‘ಸಮಗಾಯನ’ರೆಂದು ಕರೆದ ಆ ಎಂಟು ಮಂದಿಯ ಹೆಸರಿನಲ್ಲಿರುವ ‘ಸಮ’ ಎಂಬುದಕ್ಕೆ ಇಂತಹ ಆಲಿಸುವಿಕೆಯೇ ಅರ್ಥವಾಗಿರಬಹುದೇ ಎಂದು ನನಗೆ ಎಷ್ಟೋ ಸಲ ತೋರಿದೆ. ಇಲ್ಲಿ ಇನ್ನೊಂದು ಸಂಗತಿಯೂ ನೆನಪಾಗುತ್ತದೆ. ಅಂಧರಿಗೆ ಅಕ್ಷರವನ್ನಿತ್ತ ಲೂಯಿ ಬ್ರೈಲ್ ಸ್ವತಃ ಪ್ಯಾರಿಸ್ಸಿನಲ್ಲಿ ಆರ್ಗನ್ ವಾದ್ಯಗಾರನಾಗಿದ್ದನು. ತನ್ನ ಚುಕ್ಕೆಗಳ ಲಿಪಿಯನ್ನು 1829ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದಾಗ, ಅದು ಮಾತುಗಳನ್ನು ಮಾತ್ರವಲ್ಲದೆ ಸಂಗೀತವನ್ನೂ, ದೇವಾಲಯದಲ್ಲಿ ಎಲ್ಲರೂ ಏಕಸ್ವರದಿಂದ ಕೂಡಿ ಹಾಡುವ ಸ್ತೋತ್ರಗಾನವನ್ನೂ ಬರೆಯುವ ಕ್ರಮವೆಂದು ಪುಸ್ತಕದ ಹೆಸರಿನಲ್ಲಿಯೇ ಸಾರಿದ್ದನು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗಿಳಿಸಿದ ಪುಟ್ಟರಾಜರು ಆ ಪರದೇಶದ ಅಂಧನಿಗೆ ಬಂಧುವೇ ಸರಿ.

ರಂಗಭೂಮಿಯ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಅದೊಂದು ಪ್ರತ್ಯೇಕ ಉಪನ್ಯಾಸಕ್ಕಾಗುವಷ್ಟಿದೆ. ಆಶ್ರಮದ ಮಕ್ಕಳ ಹೊಟ್ಟೆಗೆಂದು ಗುರುಗಳು ಕಟ್ಟಿದ ನಾಟಕಸಂಘವನ್ನು ಪುಟ್ಟರಾಜರು ಬಹುಕಾಲ ನಡೆಯಿಸಿದರು. ಅದಕ್ಕಾಗಿ ನಾಟಕಗಳನ್ನು ಬರೆದರು, ಪದಗಳನ್ನು ಕಟ್ಟಿದರು, ಪೇಟಿಯ ಮುಂದೆ ಕುಳಿತರು. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ಜಾತ್ರೆಯಲ್ಲಿ ಸಾಲು ಸಾಲಾಗಿ ನಿಲ್ಲುವ ಕಂಪನಿಗಳ ಥಿಯೇಟರುಗಳ ನಡುವೆ ರಾತ್ರಿ ಅಡ್ಡಾಡಿದವರಿಗೆ, ಹತ್ತು ಪೇಟಿಗಳ ಧ್ವನಿ ಒಂದರ ಮೇಲೊಂದು ಬೀಳುವ ಆ ಅನುಭವವನ್ನು ನಾನು ವರ್ಣಿಸಬೇಕಾಗಿಲ್ಲ. ಇದೇ ಪೇಟಿಯನ್ನು ವಿದೇಶೀ ವಾದ್ಯವೆಂದೂ, ಶ್ರುತಿಸೂಕ್ಷ್ಮಗಳನ್ನು ನುಡಿಸಲಾರದ್ದೆಂದೂ 1940ರಲ್ಲಿ ಆಕಾಶವಾಣಿಯು ತನ್ನ ನಿಲಯಗಳಿಂದ ಹೊರಗಿಟ್ಟಿತು. ಆ ಬಹಿಷ್ಕಾರವು ದಶಕಗಳ ಕಾಲ ನಡೆಯಿತು. ಶ್ರುತಿಯ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಜಾತ್ರೆಯಲ್ಲಿ, ಮಠದಲ್ಲಿ, ಭಜನೆಯ ಕಟ್ಟೆಯ ಮೇಲೆ ನೂರು ಕಂಠಗಳನ್ನು ಒಂದು ಸ್ವರದ ಮೇಲೆ ನಿಲ್ಲಿಸಬಲ್ಲ ವಾದ್ಯ ಅದಲ್ಲದೆ ನಮ್ಮಲ್ಲಿ ಮತ್ತೊಂದಿರಲಿಲ್ಲ. ಈ ದತ್ತಿಗೆ ಕಾರಣರಾದ ಮಾಸ್ತರರು ತಮ್ಮ ಆಯುಷ್ಯವನ್ನೆಲ್ಲ ಆ ವಾದ್ಯಕ್ಕೆ ಕೊಟ್ಟವರೆಂಬುದನ್ನು ನೆನೆದು ಈ ಮಾತನ್ನು ಆಡುತ್ತಿದ್ದೇನೆ.

ಪುಟ್ಟರಾಜರಿಗೆ ಸಂದ ಮನ್ನಣೆಗಳು ಬಹಳ: 1998ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2010ರಲ್ಲಿ ಪದ್ಮಭೂಷಣ, ಭಕ್ತರು ಊರೂರಿನಲ್ಲಿ ಮಾಡಿದ ತುಲಾಭಾರಗಳಿಗಂತೂ ಎಣಿಕೆಯೇ ಇಲ್ಲ. ಹಿಂದಿಯಲ್ಲಿ ಬಸವಪುರಾಣವನ್ನು ಬರೆದು ಕನ್ನಡದ ಶರಣರನ್ನು ಉತ್ತರದೇಶದವರಿಗೆ ಮುಟ್ಟಿಸಿದರು. ಶಿಷ್ಯಸಂಪತ್ತಿನಲ್ಲಿ ಪಂಡಿತ ವೆಂಕಟೇಶಕುಮಾರರೊಬ್ಬರ ಹೆಸರನ್ನು ಹೇಳಿದರೆ ಸಾಕು. ಬಳ್ಳಾರಿ ಸೀಮೆಯಿಂದ ಬಾಲಕನಾಗಿ ಬಂದು, ಹನ್ನೆರಡು ವರ್ಷ ಆಶ್ರಮದ ಅನ್ನವುಂಡು ಕಲಿತ ಆ ಕಂಠವನ್ನು ಇಂದು ದೇಶವೆಲ್ಲ ಬಲ್ಲದು. ಆದರೆ ಧ್ವನಿಮುದ್ರಿಕೆಗಳಲ್ಲಿ ನಾವು ಕಾಪಾಡಿಕೊಂಡಿರುವುದು ಹೆಚ್ಚಾಗಿ ಇಂತಹ ಏಕಕಂಠಗಳನ್ನೇ. ಅವುಗಳ ಹಿಂದಿದ್ದ ಮೇಳವನ್ನು, ಎಷ್ಟೋ ಹೆಸರಿಲ್ಲದ ಸಮಗಾಯನರನ್ನು ಮುದ್ರಿಸಿಕೊಳ್ಳುವ ಆಸ್ಥೆಯನ್ನು ನಾವು ತೋರಲಿಲ್ಲ. ಈಗಲಾದರೂ ಶ್ರಾವಣದ ಒಂದೊಂದು ಪುರಾಣವನ್ನು ಆದಿಯಿಂದ ಅಂತ್ಯದ ವರೆಗೆ, ಸಭೆಯ ಪಲ್ಲವಿ ಸಹಿತವಾಗಿ, ಮುದ್ರಿಸಿ ಇಡುವ ಕೆಲಸವನ್ನು ಈ ಜಿಲ್ಲೆಯ ಕಾಲೇಜುಗಳ ಸಂಗೀತವಿಭಾಗದವರು ಕೈಗೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ. ಅದಕ್ಕೆ ದೊಡ್ಡ ಧನರಾಶಿ ಬೇಕಿಲ್ಲ; ಒಂದು ಯಂತ್ರ, ಒಂದು ತಿಂಗಳ ಸಂಜೆಗಳು ಸಾಕು.

2010ರ ಸೆಪ್ಟೆಂಬರ್ 17ರಂದು ಪುಟ್ಟರಾಜರು ಗದಗಿನಲ್ಲಿ ಲಿಂಗೈಕ್ಯರಾದರು. ಆಗ ಅವರಿಗೆ ತೊಂಬತ್ತಾರು ವರ್ಷ. ಆ ವಾರ್ತೆ ಬಂದ ಸಂಜೆ ನಮ್ಮ ಓಣಿಯಲ್ಲಿ ಮಗ್ಗಗಳು ನಿಂತವು. ಯಾರೂ ಯಾರಿಗೂ ಹೇಳದೆ ಮಠದಲ್ಲಿ ಕೂಡಿ, ಬಾಯಿಗೆ ಬಂದ ಪದಗಳನ್ನು ನಡುರಾತ್ರಿಯ ತನಕ ಹಾಡಿದೆವು.

ಕಳೆದ ಶ್ರಾವಣದಲ್ಲಿ ಇಳಕಲ್ಲಿಗೆ ಗದಗಿನ ಬಸ್ಸಿನಿಂದ ಇಪ್ಪತ್ತರ ಹರೆಯದ ಗವಾಯಿಯೊಬ್ಬನು ಬಂದಿಳಿದನು. ಅವನ ಎಡಗೈ ತಬಲಾದ ಹುಡುಗನ ಹೆಗಲ ಮೇಲಿತ್ತು. ಬಲಗೈಯಲ್ಲಿ ಬಟ್ಟೆ ಸುತ್ತಿದ ಪೇಟಿ. ಪುರಾಣದ ಮೊದಲ ಸಂಧಿ ಮುಗಿದ ಮೇಲೆ ಸಭೆಗೆ ಪಲ್ಲವಿಯನ್ನು ಎರಡು ಸಲ ಹೇಳಿಕೊಟ್ಟು, ಹೆಣ್ಣುಮಕ್ಕಳ ಕಡೆ ಮುಖ ತಿರುಗಿಸಿ, “ಅವ್ವಾರ, ನೀವೂ ಹಾಡ್ರಿ” ಎಂದನು. ತಲೆ ನೆರೆತ ನಾನು ಅದೇ ಕಂಬದ ಬಾಜೂಕ ಕುಳಿತಿದ್ದೆ. ತಬಲಾದ ಠೇಕಾ ಸಮಕ್ಕೆ ಬರುತ್ತಿತ್ತು. ಪೇಟಿಯ ತಿದಿ ತುಸು ಹೆಚ್ಚು ತೆರೆದುಕೊಂಡಿತು. ಅವನು ಉಸಿರೆಳೆದುಕೊಳ್ಳುವ ಸದ್ದಿಗಾಗಿ ನಾನು ಕಾದೆ.